ಗಂಗತ್ತಿಯ ಕೊಬ್ಬರಿಯಪ್ಪ

ಬಟ್ಟೆಗೂ ಒಂದು ಹಣೆಬರಹ ಇರುತ್ತದೆ. ಹೊಸದಿದ್ದಾಗ ಮದುವೆ ಮುಂಜಿಗೆ, ತುಸು ಮಾಸಿದ ಮೇಲೆ ಕಚೇರಿಗೆ, ಕಾಲರು ಸವೆದ ಮೇಲೆ ಸಂತೆಗೆ, ಆಮೇಲೆ ಮನೆಯೊಳಗೆ, ಕಟ್ಟಕಡೆಗೆ ಒಲೆಯ ಕಟ್ಟೆ ಒರೆಸಲಿಕ್ಕೆ. ಎಲ್ಲರ ಮನೆಯಲ್ಲೂ ನಡೆಯುವುದು ಇದೇ. ಆದರೆ ನನ್ನ ನೀಲಿ ಟೀ ಶರ್ಟು ಮಾತ್ರ ನಡುವಿನ ಹುದ್ದೆಗಳನ್ನೆಲ್ಲ ಬಿಟ್ಟು ಸೀದಾ ಒಲೆಯ ಕಟ್ಟೆಗೆ ವರ್ಗವಾಗಿತ್ತು. ಮೊನ್ನೆ ಉಕ್ಕಿದ ಚಹಾವನ್ನು ಮನೆಯವಳು ಅದರಿಂದಲೇ ಒರೆಸುತ್ತಿದ್ದಳು.

“ಅಯ್ಯಯ್ಯ, ಅದು ರೇಸಿನ ಅಂಗಿ!” ಎಂದೆ.

“ನಿಮ್ಮ ಸವಾರ ಆ ಟೀಮ್ ಬಿಟ್ಟು ಹೋಗ್ಯಾನಂತ ನೀವ ಹೇಳಿದ್ರಿ. ಹಾಕ್ಕೊಳ್ಳಂಗಿಲ್ಲ, ಬಿಸಾಕಾಕೂ ಬಿಡಂಗಿಲ್ಲ. ಕಪಾಟಿನ್ಯಾಗ ಇಟ್ಟು ಪೂಜಾ ಮಾಡ್ಲೇನು?” ಎಂದಳು.

ಮಾತು ಖರೆ. ನನ್ನ ಪ್ರೀತಿಯ ಸವಾರ ನೀಲಿ ಟೀಮು ಬಿಟ್ಟು ಕೆಂಪು ಟೀಮು ಸೇರಿದ್ದ. ಆ ಅಂಗಿಯ ಎದೆ, ಬೆನ್ನು, ತೋಳಿನ ಮೇಲೆಲ್ಲ ಎಣ್ಣೆಯವರು, ಟೈರಿನವರು, ಹೆಲ್ಮೆಟಿನವರು, ತಂಪು ಪಾನೀಯದವರು ತಮ್ಮ ತಮ್ಮ ಹೆಸರು ಬರೆಸಿಕೊಂಡಿದ್ದರು. ಅವರೆಲ್ಲರೂ ಸೇರಿ ಈಗ ನಮ್ಮ ಚಹಾ ಹೀರುತ್ತಿದ್ದರು. ನಾನು ಇನ್ನೊಂದು ಕಪ್ ಚಹಾ ಕೇಳಿ ಹೊರಗೆ ಬಂದು ಕುಳಿತೆ.

ಬೈಕ್ ರೇಸಿನ ಹುಚ್ಚು ನನಗೆ ಇದೆ ಎಂದರೆ ನನ್ನನ್ನು ನೋಡಿದವರು ನಂಬುವುದಿಲ್ಲ. ಹಾವೇರಿಯ ಒಂದು ಕಚೇರಿಯಲ್ಲಿ ಗುಮಾಸ್ತ ನಾನು. ಓಡಿಸುವುದು ಸ್ಕೂಟರು. ರಸ್ತೆಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಲಗೇಜ್ ಆಟೋಗಳು ಕೂಡ ಹಾರ್ನು ಹೊಡೆದು ನನ್ನನ್ನು ಹಿಂದೆ ಹಾಕುತ್ತವೆ. ರೇಸಿನ ಸವಾರರು ತಿರುವಿನಲ್ಲಿ ವಾಲಿ ಮೊಣಕಾಲನ್ನು ನೆಲಕ್ಕೆ ತಾಗಿಸುತ್ತಾರಲ್ಲ, ನನ್ನ ಮೊಣಕಾಲೂ ಒಮ್ಮೆ ಮೋಟೆಬೆನ್ನೂರು ಕ್ರಾಸಿನಲ್ಲಿ ನೆಲಕ್ಕೆ ತಾಗಿದೆ. ಹೊಲಿಗೆ ಹಾಕಿದ ಡಾಕ್ಟರು, “ನಾಯಿ ಅಡ್ಡ ಬಂತೇನ್ರಿ?” ಎಂದು ಕೇಳಿದರು. ಹೌದೆಂದೆ. ಖರೆ ಹೇಳಬೇಕೆಂದರೆ ನಾಯಿ ಬಹಳ ದೂರದಲ್ಲಿ ಹಾಯಾಗಿ ಮಲಗಿತ್ತು.

ಇಂಥವನು ರವಿವಾರ ಬಂತೆಂದರೆ ಬ್ಯಾಡಗಿಗೆ ಹೊರಡುತ್ತೇನೆ. ಅಲ್ಲಿ ನನ್ನ ಅಪ್ಪನ ತಂಗಿ ಗಂಗವ್ವ ಇದ್ದಾಳೆ. ನಮಗೆಲ್ಲ ಗಂಗತ್ತಿ. ಮಾವ ತೀರಿದ ಮೇಲೆ ಮೆಣಸಿನಕಾಯಿ ದುಕಾನನ್ನು ಆಕೆಯೇ ನಡೆಸುತ್ತಾಳೆ. ಎದುರಿಗೆ ಕುಳಿತ ವ್ಯಾಪಾರಿ ಒಂದು ಸೀನು ಸೀನಿ ಮೂಗು ಒರೆಸಿಕೊಳ್ಳುವುದರೊಳಗೆ ದರ ಮುಗಿಸಿಬಿಡುವ ಹೆಂಗಸು. ಆಕೆಯ ಪಡಸಾಲೆಯಲ್ಲಿ ಗೋಡೆ ತುಂಬುವಂಥ ಟಿವಿ ಇದೆ, ರೇಸು ತೋರಿಸುವ ಚಾನೆಲ್ಲೂ ಇದೆ. ಜೊತೆಗೆ ಒಳಗಿನ ಚೀಲಗಳ ಘಾಟೂ ಇದೆ. ನಾವು ಸೀನುತ್ತ ಸೀನುತ್ತ ರೇಸು ನೋಡುತ್ತೇವೆ. ಆಕೆ ಮಾತ್ರ ಹುಟ್ಟಿದಾರಭ್ಯ ಸೀನಿದವಳಲ್ಲ.

ನಾವು ಎಂದರೆ ಮೂವರು. ನಾನು ಒಬ್ಬ. ಎರಡನೆಯವನು ಮಕ್ಬೂಲ, ಸಾಲೆಯಲ್ಲಿ ನನ್ನ ಜೊತೆಗೆ ಕುಳಿತವನು, ಬ್ಯಾಡಗಿಯಲ್ಲೇ ಬೈಕಿನ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಟಿವಿಯವರು ಹಿಂದಿಯಲ್ಲಿ ಹೇಳುವುದನ್ನು ನಮಗೆ ಕನ್ನಡಿಸುವ ಕೆಲಸ ಅವನದು. ಹೇಳದ್ದನ್ನೂ ಸೇರಿಸಿ ಕನ್ನಡಿಸುತ್ತಾನೆ. ಮೂರನೆಯವನು ನನ್ನ ಷಡ್ಡಕ ಶಿವಾನಂದ, ರಾಣೇಬೆನ್ನೂರಿನ ಬೀಜದ ವ್ಯಾಪಾರಿ. ಅವನು ಜಗತ್ತಿನ ಯಾವ ಸಂಗತಿಯನ್ನೂ ಲಾಭ ಲುಕ್ಸಾನು ಕೇಳದೆ ನೋಡುವವನಲ್ಲ.

ನನ್ನ ಸವಾರ ಟೀಮು ಬಿಟ್ಟ ಸುದ್ದಿ ಬಂದ ರವಿವಾರ ನಡೆದ ಜಗಳ ಇನ್ನೂ ಕಿವಿಯಲ್ಲಿದೆ. ಮಕ್ಬೂಲ ನೀಲಿ ಟೀಮಿನ ಬೈಕು ಮಾಡುವ ಕಂಪನಿಯ ಕಟ್ಟಾಳು. ಅವನ ಅಪ್ಪ ಓಡಿಸುತ್ತಿದ್ದ ಹಳೆಯ ಬೈಕು ಅದೇ ಕಂಪನಿಯದು, ಇವತ್ತಿಗೂ ಒಂದೇ ಕಿಕ್ಕಿಗೆ ಶುರುವಾಗುತ್ತದಂತೆ. ನಾವು ನೋಡಿದಾಗ ಯಾವತ್ತೂ ಆಗಿಲ್ಲ, ಅದು ಬೇರೆ ಮಾತು.

“ಹೋರಿ ಮಾರಿದ್ರ ಊರ ಮಂದಿ ಹೋರಿ ಹಿಂದ ಹೋಗ್ತಾರೇನಲೇ?” ಎಂದು ಮಕ್ಬೂಲ ಶುರುಮಾಡಿದ. “ಊರು ನಮ್ದು. ಹೋರಿ ಇನ್ನೊಂದು ಬರ್ತೈತಿ.”

“ಅಖಾಡದಾಗ ಓಡಿದ್ದು ಊರಲ್ಲಪಾ, ಹೋರಿ,” ಎಂದೆ ನಾನು. “ಅದು ಎಲ್ಲೇ ಹೋಗ್ಲಿ, ನಾ ಅದರ ಹಿಂದ.”

ಶಿವಾನಂದ ನಕ್ಕ. “ಇಬ್ರಿಗೂ ತಿಳುವಳಿಕಿ ಇಲ್ಲ. ಹಿಂಡಿ ತಿನ್ನಿಸಿದವರು ಯಾರು, ಅದನ್ನ ಹೇಳ್ರಿ ಮೊದ್ಲ. ಸ್ಪಾನ್ಸರು! ಅವರು ರೊಕ್ಕಾ ಕೊಡದಿದ್ರ ನಿನ್ನ ಹೋರೀನೂ ಇಲ್ಲ, ನಿನ್ನ ಊರೂ ಇಲ್ಲ.”

ಸ್ಪಾನ್ಸರಿನ ವಿಷಯದಲ್ಲಿ ಶಿವಾನಂದನಿಗೆ ಅನುಭವ ಇದೆ. ಅವನ ಅಂಗಡಿಯ ಬೋರ್ಡನ್ನು ಒಂದು ಬೀಜದ ಕಂಪನಿಯವರು ಪುಕ್ಕಟೆ ಬರೆಸಿಕೊಟ್ಟಿದ್ದಾರೆ. ಅದರಲ್ಲಿ ಕಂಪನಿಯ ಹೆಸರು ಬಸ್ ಸ್ಟ್ಯಾಂಡಿಗೆ ಕಾಣಿಸುತ್ತದೆ. ಶಿವಾನಂದನ ಹೆಸರು ಓದಲು ಅಂಗಡಿಯ ಮೆಟ್ಟಿಲು ಹತ್ತಬೇಕು. ಗಿರಾಕಿಗಳು ಅವನನ್ನು ಕಂಪನಿಯ ಹೆಸರಿನಿಂದಲೇ ಕರೆಯುತ್ತಾರೆ. ಮಗಳ ಮದುವೆಯ ಕಾರ್ಡು ಕೊಟ್ಟಾಗ ಎಷ್ಟೋ ರೈತರು, “ಈ ಶಿವಾನಂದ ಅಂದ್ರ ಯಾರ್ರಿ?” ಎಂದು ಅವನನ್ನೇ ಕೇಳಿದ್ದುಂಟು.

ನೀವು ನಮ್ಮ ಕಡೆಯವರಲ್ಲದಿದ್ದರೆ, ಬೈಕಿನ ನಡುವೆ ಹೋರಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹಾವೇರಿ ಜಿಲ್ಲೆಯಲ್ಲಿ ಯಾವ ಮಾತು ಶುರುಮಾಡಿದರೂ ಹೋರಿಗೆ ಬಂದು ನಿಲ್ಲುತ್ತದೆ. ದೀಪಾವಳಿ ಮುಗಿಯಿತೆಂದರೆ ಇಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ಬಲೂನು, ರಿಬ್ಬನ್ನು ಏರಿಸಿ, ಒಂದೊಂದನ್ನೇ ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿಗೆ ನಿಂತ ಹುಡುಗರು ಕೊಬ್ಬರಿ ಹರಿಯಲು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಕೊಬ್ಬರಿ ಕೊಡದೆ ದಾಟಿದ ಹೋರಿ ಗೆದ್ದ ಹಾಗೆ. ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕ ನಾನು ಕಂಡ ಹಬ್ಬದಲ್ಲಿ ಇರಲಿಲ್ಲ.

ನಾನು ಹುಡುಗನಿದ್ದಾಗ ನಮ್ಮೂರು ಹಲಗೇರಿಯ ಮನೆಯಲ್ಲೂ ಒಂದು ಹೋರಿ ಇತ್ತು. ಕೆಂಚ ಎಂದು ಹೆಸರು. ದಿನಾ ಅದಕ್ಕೆ ಹಿಂಡಿ ತಿನ್ನಿಸುತ್ತಿದ್ದವನು ನಾನೇ. ನನ್ನ ಅಂಗೈ ನೆಕ್ಕಿ ಅದು ದೊಡ್ಡದಾಯಿತು ಎಂದರೂ ತಪ್ಪಲ್ಲ. ಆದರೆ ಹಬ್ಬದ ದಿನ “ಕೆಂಚ ಬಂತೋ!” ಎಂದು ಯಾರೋ ಕೂಗಿದ್ದೇ ತಡ, ಟ್ರ್ಯಾಕ್ಟರಿನ ಟ್ರೈಲರು ಏರಿದವನು ಸಂಜೆಯ ತನಕ ಇಳಿಯಲಿಲ್ಲ. ಕೆಂಚ ಅದರ ಪಕ್ಕದಲ್ಲೇ ನಿಂತು ನನ್ನನ್ನು ಹುಡುಕಿತಂತೆ. ನಾನು ಟ್ರೈಲರಿನ ತಳದಲ್ಲಿ ಚೀಲ ಹೊದ್ದು ಮಲಗಿದ್ದೆ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಗಂಗತ್ತಿ ಮಾತ್ರ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಅಖಾಡದ ಅಂಚಿಗೇ ನಿಂತಿದ್ದಳು. ಕೆಂಚನ ಕೊರಳಿನಿಂದ ಯಾವನೋ ಒಬ್ಬ ಕೊಬ್ಬರಿ ಹರಿದುಕೊಂಡು ಓಡಿದಾಗ ಆಕೆ ಅವನನ್ನು ಊರ ಕೆರೆಯವರೆಗೆ ಅಟ್ಟಿಸಿಕೊಂಡು ಹೋಗಿ ಕೊಬ್ಬರಿ ಕಸಿದುಕೊಂಡು ಬಂದಳು. ಹಬ್ಬದ ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ ಎಂದು ಹಿರಿಯರು ಹೇಳಿದರು. ನಿಯಮ ಮಾಡಿದವರನ್ನು ಕರೆಯಿರಿ ಎಂದು ಗಂಗತ್ತಿ ಹೇಳಿದಳಂತೆ.

ಈಗ ವಿಷಯಕ್ಕೆ ಬರುತ್ತೇನೆ. ಮೊದಮೊದಲು ಗಂಗತ್ತಿ ರೇಸು ನೋಡುತ್ತಿರಲಿಲ್ಲ. ಚಹಾ ತಂದಿಟ್ಟು, “ಈ ಗುಂಯ್ ಗುಂಯ್ ಸಪ್ಪಳಕ್ಕ ನನ್ನ ತಲಿ ಹಿಡೀತು,” ಎಂದು ಬೈದು ಒಳಗೆ ಹೋಗುತ್ತಿದ್ದಳು. ಒಂದು ರವಿವಾರ ಹೋಗುವಾಗ ಟಿವಿಯ ಮುಂದೆ ನಿಂತಳು. ತೆರೆಯ ಮೇಲೆ ಎಲ್ಲರಿಗಿಂತ ಕಡೆಗೆ ಬರುತ್ತಿದ್ದ ಒಬ್ಬ ಸವಾರನನ್ನು ತೋರಿಸುತ್ತಿದ್ದರು. ಬಡ ಟೀಮಿನವನು. ದೊಡ್ಡ ಟೀಮಿನ ಬೈಕಿನ ಮೇಲೆ ಒಂದೋ ಎರಡೋ ದೊಡ್ಡ ಹೆಸರು ಇರುತ್ತದೆ. ಇವನಿಗೆ ದೊಡ್ಡವರು ಯಾರೂ ಸಿಕ್ಕಿರಲಿಲ್ಲವಾದ್ದರಿಂದ ಸಣ್ಣ ಸಣ್ಣವರ ಹೆಸರುಗಳೇ ಮೈತುಂಬ. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರಿದ್ದ ಹಾಗೆ ಬೈಕಿನ ಮುಂದೆ, ಹಿಂದೆ, ಅವನ ತೋಳು, ತೊಡೆ, ಹೆಲ್ಮೆಟು, ಎಲ್ಲೆಲ್ಲೂ ಸ್ಟಿಕ್ಕರು.

“ಇವ ಯಾರೋ? ಚಲೋ ಅದಾನಲ್ಲ!” ಎಂದಳು ಗಂಗತ್ತಿ.

“ಅವ ಕಡೀಯವ ಅತ್ತಿ,” ಎಂದೆ.

“ಕಡೀಗಿದ್ರ ಏನಾತು? ಮೈಮ್ಯಾಲಿಂದು ಒಂದೂ ಬಿಟ್ಟುಕೊಟ್ಟಿಲ್ಲ ನೋಡು. ಮುಂದ ಓಡೋ ಆ ಕೆಂಪು ಗಾಡಿಯವನ ಮೈಮ್ಯಾಲೆ ಒಂದ ಉಳದೈತಿ. ಉಳಿದಿದ್ದೆಲ್ಲಾ ಹರಕೊಂಡಾರ. ಇವನ್ನ ಯಾರಿಗೂ ಮುಟ್ಟಾಕ ಆಗಿಲ್ಲ!”

ನಮಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಗಂಗತ್ತಿ ಆ ಸ್ಟಿಕ್ಕರುಗಳನ್ನು ಕೊಬ್ಬರಿ ಎಂದು ತಿಳಿದಿದ್ದಳು. ಹಿಂದಿನವರು ಮುಂದಿನವರನ್ನು ಬೆನ್ನಟ್ಟುವುದು ಅದನ್ನು ಹರಿಯಲಿಕ್ಕೆ. ಅಂದಮೇಲೆ ಮೈತುಂಬ ಕೊಬ್ಬರಿ ಹೊತ್ತು ಕ್ಷೇಮವಾಗಿ ಬಂದು ಮುಟ್ಟುವವನೇ ಗೆದ್ದವನಲ್ಲವೇ? ಆಕೆ ಅಂದೇ ಅವನಿಗೆ ಕೊಬ್ಬರಿಯಪ್ಪ ಎಂದು ಹೆಸರಿಟ್ಟಳು. ರೇಸು ಮುಗಿದಾಗ ಅವನು ಎಲ್ಲರಿಗಿಂತ ಕೊನೆಗೆ ಬಂದ. ಗಂಗತ್ತಿ ನಮ್ಮೆಲ್ಲರ ಅಂಗೈಗೂ ಸಕ್ಕರೆ ಹಾಕಿದಳು.

ನಾನು ತಿದ್ದಲು ಬಾಯಿ ತೆರೆದೆ. ಮಕ್ಬೂಲ ನನ್ನ ಕಾಲು ತುಳಿದ. “ಸುಮ್ನಿರಲೇ,” ಎಂದು ಹೊರಗೆ ಬಂದ ಮೇಲೆ ಹೇಳಿದ. “ನಮ್ಮವರು ಗೆಲ್ಲೋದು ಯಾವಾಗರ ಒಮ್ಮೆ. ಅಕ್ಕಾರು ಪ್ರತಿ ವಾರ ಗೆಲ್ಲಾಕತ್ತಾರ. ನಡುವ ನೀ ಯಾಕ ಕಲ್ಲು ಹಾಕ್ತಿ?”

ಹೀಗೆ ಆ ವರ್ಷ ನಮ್ಮ ಪಡಸಾಲೆಯಲ್ಲಿ ಪ್ರತಿ ರೇಸಿಗೂ ಇಬ್ಬರು ಗೆಲ್ಲುತ್ತಿದ್ದರು. ಮೊದಲು ಬಂದವನೊಬ್ಬ, ಕೊನೆಗೆ ಬಂದವನೊಬ್ಬ. ಗಂಗತ್ತಿಗೆ ರೇಸಿನ ಹುಚ್ಚು ನಮಗಿಂತ ಜೋರಾಗಿ ಹತ್ತಿತು. ದುಕಾನಿನಲ್ಲಿ ಗಿರಾಕಿಗಳ ಮುಂದೆ ಕೊಬ್ಬರಿಯಪ್ಪನ ಸುದ್ದಿ ಹೇಳುತ್ತಿದ್ದಳು. ಕದರಮಂಡಲಗಿಯ ಆಂಜನೇಯನಿಗೆ ಹೋಗಿ ಬಂದು ಟಿವಿಯ ಮೂಲೆಗೆ ಕುಂಕುಮ ಹಚ್ಚಿದಳು. ಒಮ್ಮೆ ಕೊಬ್ಬರಿಯಪ್ಪ ಹೇಗೋ ಇಬ್ಬರನ್ನು ಹಿಂದೆ ಹಾಕಿದ. ನಾವು ಮೂವರೂ ಎದ್ದು ಚಪ್ಪಾಳೆ ತಟ್ಟಿದೆವು. ಗಂಗತ್ತಿ ಹೌಹಾರಿ, “ಅಯ್ಯ, ಮುಂದ ಯಾಕ ಬಂದ್ಯೋ! ಹಿಂದ ಇಬ್ರನ್ನ ಬಿಟ್ಟುಕೊಂಡ್ಯಲ್ಲೋ ಮಗನ!” ಎಂದು ಟಿವಿಗೆ ಕೈ ಚಾಚಿದಳು.

ತಡೆಯಲಾರದೆ ಸತ್ಯ ಹೇಳಿದವನು ಶಿವಾನಂದ. “ಅತ್ತ್ಯಾರ, ಅದು ಕೊಬ್ಬರಿ ಅಲ್ರಿ. ಅದು ಜಾಹೀರಾತು. ಅವರು ರೊಕ್ಕಾ ಕೊಡ್ತಾರ, ಇವ ಹೆಸರು ಹಚ್ಚಿಕೊಂಡು ಓಡ್ತಾನ. ಮೊದ್ಲು ಬಂದವನ ಗೆದ್ದಂಗ್ರಿ.”

ಗಂಗತ್ತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಮ್ಮ ಹಲಗೇರ್ಯಾಗ ಕೊಬ್ಬರಿ ಏನು ಹೋರಿ ತನ್ನ ರೊಕ್ಕದಾಗ ತರತಿತ್ತೇನು? ಯಾರರ ಕೊಟ್ಟಿದ್ದ ಅದು. ಕೊಟ್ಟಿದ್ದನ್ನ ಉಳಿಸ್ಕೊಳ್ಳೋದೈತಲ್ಲ, ಅದು ಹೋರಿದು. ನೀ ಬೀಜಾ ಮಾರು, ಹೋಗು.”

ಶಿವಾನಂದನಿಗೆ ಆ ದಿನ ಎರಡನೆಯ ಚಹಾ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೊಬ್ಬರಿಯಪ್ಪನ ಮೈಮೇಲೆ ಜಾಗ ಖಾಲಿಯಾಗತೊಡಗಿತು. ಒಂದು ರೇಸಿಗೆ ಎಡದೋಳಿನದು ಇಲ್ಲ. ಮುಂದಿನದಕ್ಕೆ ಬೆನ್ನಿನದು ಇಲ್ಲ. ಟೀಮಿನ ಕೈ ಬರಿದಾಗಿದೆ, ರೊಕ್ಕ ಕೊಡುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ, ಈ ವರ್ಷ ಮುಗಿಯಿತೆಂದರೆ ಟೀಮೂ ಮುಚ್ಚುತ್ತದೆ, ಬೇರೆ ಯಾರಾದರೂ ಕರೆದರಷ್ಟೇ ಇವನಿಗೆ ಮುಂದಿನ ವರ್ಷ ಬೈಕು ಎಂದು ಟಿವಿಯವರು ಹೇಳಿದರು. ಮಕ್ಬೂಲ ಈ ಸಲ ಏನನ್ನೂ ಸೇರಿಸದೆ ಕನ್ನಡಿಸಿದ. ಗಂಗತ್ತಿಗೆ ತಿಳಿದದ್ದು ಇಷ್ಟೇ. ಯಾರೋ ಹರಿಯುತ್ತಿದ್ದಾರೆ, ಮತ್ತು ಹರಿಯುವವರು ಅಖಾಡದ ಒಳಗೆ ಇಲ್ಲ.

“ಬೆನ್ನು ಖಾಲಿ ಐತಲ್ಲ. ನಮ್ಮ ದುಕಾನದ ಹೆಸರು ಹಾಕ್ಸಿದ್ರ ಹೆಂಗ?” ಎಂದಳು ಒಂದು ದಿನ.

ಶಿವಾನಂದ ಮೆಲ್ಲಗೆ ಹೇಳಿದ: “ಅತ್ತ್ಯಾರ, ಆ ಬೆನ್ನಿನ ದರಕ್ಕ ಬ್ಯಾಡಗಿ ಪ್ಯಾಟಿ ಪೂರಾ ಮಾರಬೇಕಾಗತೈತ್ರಿ. ಅದೂ ಅಲ್ದ, ಕಡೀಗೆ ಬರೋನ ಮ್ಯಾಲೆ ಯಾರು ಹಾಕ್ತಾರ್ರಿ? ಲಾಭ ಇಲ್ಲದಲ್ಲೆ ಕಂಪನಿ ನಿಂದ್ರಂಗಿಲ್ಲ. ಅವ ಹೋಗೋದ ಖರೆ.”

“ಲಾಭ ಇಲ್ಲದಲ್ಲೆ ನಿಂದ್ರಂಗಿಲ್ಲಂದ್ರ ನೀವ್ಯಾಕ ಪ್ರತಿ ಐತಾರ ಇಲ್ಲಿ ಬಂದು ಕುಂದರ್ತೀರಿ?” ಎಂದು ಮಕ್ಬೂಲ ಅವನ ಮೇಲೆ ಹರಿಹಾಯ್ದ. ನಾನೂ ದನಿಗೂಡಿಸಿದೆ. ಸವಾರ ದೊಡ್ಡವನೋ ಟೀಮು ದೊಡ್ಡದೋ ಎಂದು ವರ್ಷವಿಡೀ ಕಿತ್ತಾಡಿದ್ದ ನಾವಿಬ್ಬರೂ ಅವತ್ತು ಒಂದೇ ಪಕ್ಷ. ಆ ಸಂಜೆ ಮಕ್ಬೂಲ ಗಂಗತ್ತಿಯನ್ನು ಕೆಂಪು ಮೆಣಸಿನಕಾಯಿಯ ರಾಶಿಯ ಮುಂದೆ ಕೂರಿಸಿ ಫೋಟೋ ತೆಗೆದು, ಇವರು ನಿಮ್ಮ ಸವಾರನ ಅಭಿಮಾನಿ, ಕೈ ಬಿಡಬೇಡಿ ಎಂದು ಆ ಟೀಮಿನ ಇಂಟರ್ನೆಟ್ ಪುಟಕ್ಕೆ ಕಳಿಸಿದ. ಉತ್ತರವಾಗಿ ಎರಡು ಕೈ ಜೋಡಿಸಿದ ಚಿತ್ರ ಬಂತು. ಗಂಗತ್ತಿ ಅದನ್ನು ಬಹಳ ಹೊತ್ತು ನೋಡಿದಳು. “ಕೈ ಮುಗದಾರಂದ್ರ ಒಪ್ಕೊಂಡಾರೋ, ಆಗಂಗಿಲ್ಲ ಅಂದಾರೋ?” ಎಂದು ಕೇಳಿದಳು.

ವರ್ಷದ ಕೊನೆಯ ರೇಸು ಬಂತು. ಮೊದಲ ಸ್ಥಾನಕ್ಕೆ ನನ್ನ ಸವಾರನಿಗೂ ಮಕ್ಬೂಲನ ಟೀಮಿನವನಿಗೂ ನೇರ ಹಣಾಹಣಿ. ಬೇರೆ ದಿನವಾಗಿದ್ದರೆ ನಾವು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುತ್ತಿದ್ದೆವು. ಆದರೆ ಬೈಕುಗಳು ಸಾಲಾಗಿ ನಿಂತಾಗ ನಾವು ಮೂವರೂ ನೋಡಿದ್ದು ಕೊನೆಯ ಸಾಲನ್ನು. ಅಲ್ಲಿ ಒಂದು ಬೈಕು ಬರೀ ಬೆಳ್ಳಗಿತ್ತು. ಒಂದು ಹೆಸರಿಲ್ಲ, ಒಂದು ಚಿತ್ರವಿಲ್ಲ. ಸವಾರನ ಅಂಗಿಯೂ ಬಿಳಿ. ಅವನಿಗೆ ಬೇರೆ ಟೀಮು ಸಿಕ್ಕಿಲ್ಲ, ಇದೇ ಅವನ ಕಡೆಯ ರೇಸು ಎಂದು ಟಿವಿಯವರು ಹೇಳಿದರು. ಮಕ್ಬೂಲ ಕನ್ನಡಿಸಲಿಲ್ಲ. ಕನ್ನಡಿಸುವ ಅಗತ್ಯವೂ ಇರಲಿಲ್ಲ.

“ಎಲ್ಲಾ ಹರಕೊಂಡಾರಲ್ಲೋ,” ಎಂದಳು ಗಂಗತ್ತಿ. ಅಷ್ಟೇ ಹೇಳಿ ಗೋಡೆಗೆ ಒರಗಿ ಕುಳಿತಳು.

ನಮ್ಮ ಲೆಕ್ಕದಲ್ಲಿ ಅವನು ವರ್ಷವಿಡೀ ಸೋತಿದ್ದ. ಆಕೆಯ ಲೆಕ್ಕದಲ್ಲಿ ಅವನು ಸೋತದ್ದು ಇದೇ ಮೊದಲು. ಇಬ್ಬರ ಲೆಕ್ಕವೂ ಕೂಡಿ ಬಂದ ಈ ಒಂದು ದಿನ ಆಕೆಗೆ ಏನು ಹೇಳುವುದು?

ರೇಸು ಶುರುವಾಯಿತು. ಮುಂದೆ ಏನು ನಡೆಯಿತೆಂದು ನನಗೆ ನೆನಪಿಲ್ಲ. ನನ್ನ ಸವಾರ ಗೆದ್ದದ್ದನ್ನು ಮರುದಿನ ಪೇಪರಿನಲ್ಲಿ ಓದಿದೆ. ನಾವು ನೋಡುತ್ತಿದ್ದದ್ದು ತೆರೆಯ ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಸುಳಿಯುವ ಬಿಳಿಯ ಚುಕ್ಕೆಯನ್ನು. ಗೆದ್ದವರೆಲ್ಲ ಗೆರೆ ದಾಟಿದ ಮೇಲೆ ಕ್ಯಾಮೆರಾಕ್ಕೆ ಬೇರೆ ಕೆಲಸವಿಲ್ಲದೆ ಅವನನ್ನು ತೋರಿಸಿತು. ಇಡೀ ರಸ್ತೆಯಲ್ಲಿ ಅವನೊಬ್ಬನೇ ಬರುತ್ತಿದ್ದ. ಆಗಲೂ ತಿರುವಿನಲ್ಲಿ ಪೂರ್ತಿ ವಾಲಿ ಮೊಣಕಾಲು ನೆಲಕ್ಕೆ ತಾಗಿಸುತ್ತಿದ್ದ.

“ಅತ್ತ್ಯಾರ, ನೋಡ್ರಿ ಇಲ್ಲಿ,” ಎಂದು ಶಿವಾನಂದ ಏಕಾಏಕಿ ಎದ್ದು ನಿಂತ. “ಕೊಡೋರು ಯಾರೂ ಇಲ್ಲ. ಮುಂದಿನ ವರ್ಷ ಗಾಡೀನೂ ಇಲ್ಲ. ಹರಕೊಳ್ಳಾಕ ಮೈಮ್ಯಾಲೆ ಏನೂ ಉಳದಿಲ್ಲ. ಯಾವ ಲಾಭಕ್ಕ ಓಡಾಕತ್ಯಾನ್ರಿ ಇವ?”

ಬಿಳಿಯ ಬೈಕು ಗೆರೆ ದಾಟಿತು.

ಗಂಗತ್ತಿ ಎದ್ದು ಅಡುಗೆಮನೆಗೆ ಹೋದಳು. ಕಣ್ಣು ಒರೆಸಿಕೊಳ್ಳಲು ಹೋದಳೆಂದು ನಾವು ತಿಳಿದೆವು. ಆದರೆ ನೀರು ತುಂಬಿದ ತಾಮ್ರದ ಚರಗಿ ಹಿಡಿದು ಬಂದಳು. ಟಿವಿಯ ಕಡೆಗೆ ಹೊರಟದ್ದು ಕಂಡು ನಾನು, “ಅತ್ತೀ, ಕರೆಂಟೈತಿ!” ಎಂದು ಚೀರಿದೆ. ಆಕೆ ನನ್ನನ್ನು ಬದಿಗೆ ಸರಿಸಿ ಟಿವಿಯನ್ನು ದಾಟಿ ತಲೆಬಾಗಿಲಿಗೆ ಹೋದಳು. ಅಖಾಡದಿಂದ ಹೋರಿ ಮನೆಗೆ ಬಂದಾಗ ಬಾಗಿಲಲ್ಲಿ ಅದರ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಳ್ಳುವುದು ನಮ್ಮ ಮನೆತನದ ಪದ್ಧತಿ. ಕೊಬ್ಬರಿ ಉಳಿಸಿಕೊಂಡು ಬಂದ ಹೋರಿಗೂ ಅಷ್ಟೇ ನೀರು, ಎಲ್ಲ ಹರಿಸಿಕೊಂಡು ಬರಿಮೈಯಲ್ಲಿ ಬಂದ ಹೋರಿಗೂ ಅಷ್ಟೇ ನೀರು. ಗಂಗತ್ತಿ ಹೊಸ್ತಿಲ ಹೊರಗೆ ಬಾಗಿ ಚರಗಿಯ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನ ಸುರಿದಳು. ನಾವು ಮೂವರೂ ಹಿಂದೆ ನಿಂತಿದ್ದೆವು. ನನ್ನ ಕಣ್ಣಲ್ಲಿ ನೀರಿತ್ತು, ಅದಕ್ಕೆ ಮೆಣಸಿನಕಾಯಿ ಕಾರಣವಲ್ಲ.

ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹೆಣ್ಣುಮಗಳು ಅಂಗಳದ ನೀರು ನೋಡಿ, “ಯಾರ ಬಂದ್ರಬೇ ಗಂಗಕ್ಕ?” ಎಂದು ಕೂಗಿದಳು.

“ನಮ್ಮ ಕೊಬ್ಬರಿಯಪ್ಪ ಬಂದಾನ.”

“ಹೌದ? ಗೆದ್ದನೇನು?”

ಗಂಗತ್ತಿ ಬರಿದಾದ ಚರಗಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಇಷ್ಟು ಸಣ್ಣ ಮಾತು ತಿಳಿಯದವಳನ್ನು ನೋಡುವಂತೆ ಆಕೆಯನ್ನು ನೋಡಿದಳು.

“ಬಂದಾನ ಅಂದ್ನಿಲ್ಲ?” ಎಂದಳು.